ಅಂಚು, ತೂಕ, ದನಿ: ಹಾಫ್ ಡಾಲರ್ ರಾಶಿಯಲ್ಲಿ ಬೆಳ್ಳಿ ಹುಡುಕಲು ಯಾವುದು ವಾಸಿ?

ನಾವಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಬ್ಯಾಂಕಿಗೆ ಹೋಗಿ 10 ಡಾಲರ್ ಕೊಟ್ಟರೆ 20 ಹಾಫ್ ಡಾಲರ್ ನಾಣ್ಯಗಳ ಒಂದು ರೋಲ್ ಸಿಗುತ್ತದೆ, ಅವರ ಹತ್ತಿರ ಇದ್ದರೆ. ಮೊದಲೇ ಹೇಳಿಟ್ಟರೆ 500 ಡಾಲರಿನ ಬಾಕ್ಸನ್ನೇ ತರಿಸಿಕೊಡುತ್ತಾರೆ. ಅಂದರೆ 50 ರೋಲ್, 1,000 ನಾಣ್ಯ. ಅದರೊಳಗೆ ಹಳೇ ಬೆಳ್ಳಿ ನಾಣ್ಯ ಇದ್ದರೆ ಅದು ಮುಖಬೆಲೆಗೇ ನಮ್ಮ ಪಾಲಿಗೆ. ಇಲ್ಲದಿದ್ದರೆ ಅಷ್ಟನ್ನೂ ಮತ್ತೆ ಖಾತೆಗೆ ಕಟ್ಟಿದರಾಯ್ತು. ಮೂರು ವರ್ಷದಿಂದ ಇದು ನನ್ನ ಶನಿವಾರದ ಕೆಲಸ.

ಬೆಳ್ಳಿ ಹುಡುಕುವ ದಾರಿ ಒಂದೇ ಅಲ್ಲ. ಒಬ್ಬರು ಅಂಚು ನೋಡು ಅನ್ನುತ್ತಾರೆ, ಇನ್ನೊಬ್ಬರು ತೂಕ ಮಾಡು ಅನ್ನುತ್ತಾರೆ, ಮತ್ತೊಬ್ಬರು ಬಡಿದು ಕೇಳು ಅನ್ನುತ್ತಾರೆ. ನನಗೂ ಇವುಗಳಲ್ಲಿ ಯಾವುದು ನಿಜವಾಗಿ ಕೈ ಹಿಡಿಯುತ್ತದೆ ಅಂತ ತಿಳಿಯಬೇಕಿತ್ತು. ಹಾಗಾಗಿ ಈ ಸಲ ಎಲ್ಲವನ್ನೂ ಒಂದೇ ರಾಶಿಯ ಮೇಲೆ ಮಾಡಿ ನೋಡಿದೆ.

ಮೊದಲು ಯಾವುದು ಬೆಳ್ಳಿ ಅನ್ನುವುದು ಸ್ಪಷ್ಟವಾಗಲಿ. ಅಮೆರಿಕದ ಡೈಮ್ (10 ಸೆಂಟ್), ಕ್ವಾರ್ಟರ್ (25 ಸೆಂಟ್), ಹಾಫ್ ಡಾಲರ್ (50 ಸೆಂಟ್) ಮೂರೂ 1964ನೇ ಇಸವಿಯವರೆಗೆ 90% ಬೆಳ್ಳಿ, 10% ತಾಮ್ರ. 1965ರ ಜುಲೈನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ನಾಣ್ಯ ಕಾಯ್ದೆಗೆ ಸಹಿ ಹಾಕಿದರು. ಡೈಮ್ ಮತ್ತು ಕ್ವಾರ್ಟರಿನಿಂದ ಬೆಳ್ಳಿ ಪೂರ್ತಿ ಹೋಯಿತು. ಹಾಫ್ ಡಾಲರಿನಲ್ಲಿ ಮಾತ್ರ 1970ರವರೆಗೆ 40% ಉಳಿಯಿತು. ಈ 40% ನಾಣ್ಯಗಳೇ ನಮ್ಮ ತಲೆನೋವು, ಅದನ್ನು ಆಮೇಲೆ ಹೇಳುತ್ತೇನೆ. ಇವತ್ತಿನ ಹಾಫ್ ಡಾಲರ್ ನಮ್ಮ ಹೋಳಿಗೆ ಇದ್ದ ಹಾಗೆ. ಒಳಗೆ ಹೂರಣ ಬರೀ ತಾಮ್ರ, ಹೊರಗಿನ ಕಣಕ ತಾಮ್ರ ನಿಕಲ್ ಬೆರಕೆ. ಮೇಲಿನಿಂದ ನೋಡಿದರೆ ಬೆಳ್ಳಗೆ ಕಾಣುತ್ತದೆ. ಪಕ್ಕದಿಂದ ನೋಡಿದರೆ ಹೂರಣ ಬಯಲಾಗುತ್ತದೆ.

ಪರೀಕ್ಷೆಗೆ ಬೆಳ್ಳಿ ಇಲ್ಲವೆಂದು ಗೊತ್ತಿದ್ದ 190 ಹಾಫ್ ಡಾಲರ್ ತೆಗೆದುಕೊಂಡೆ. ಅದಕ್ಕೆ ನನ್ನ ಡಬ್ಬಿಯಿಂದ 10 ಬೆಳ್ಳಿ ನಾಣ್ಯ ಸೇರಿಸಿದೆ. ನಾಣ್ಯದ ಮೇಲಿನ ಚಿತ್ರದ ಹೆಸರಿನಿಂದ ಹೇಳುವುದಾದರೆ, 1943ರ ವಾಕಿಂಗ್ ಲಿಬರ್ಟಿ ಒಂದು, 1952ರ ಫ್ರಾಂಕ್ಲಿನ್ ಒಂದು, 1964ರ ಕೆನಡಿ ಎರಡು, 1965ರಿಂದ 1969ರವರೆಗಿನ 40% ಕೆನಡಿ ಐದು. ಕೊನೆಯದು 1992ರ ಎಸ್ ಗುರುತಿನ (ಸ್ಯಾನ್ ಫ್ರಾನ್ಸಿಸ್ಕೋದ್ದು ಅಂತ) ಬೆಳ್ಳಿ ಪ್ರೂಫ್, ಅಂದರೆ ವಿಶೇಷ ಹೊಳಪಿನಿಂದ ಅಚ್ಚು ಹಾಕಿದ 90% ಬೆಳ್ಳಿ ನಾಣ್ಯ. 1992ರಿಂದ ಸಂಗ್ರಹಕಾರರಿಗಾಗಿ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ ಇಂಥ ಬೆಳ್ಳಿ ಪ್ರೂಫ್‌ಗಳನ್ನು ಮಾಡುತ್ತಿದೆ. ಯಾರೋ ಪೆಟ್ಟಿಗೆ ಒಡೆದು ಖರ್ಚು ಮಾಡಿದರೆ ಅವೂ ರೋಲಿಗೆ ಬಂದು ಸೇರುತ್ತವೆ. ನಮ್ಮ ಮನೆಯವರು ಪ್ರತಿ ಸಲವೂ ಎಲ್ಲವನ್ನೂ ಕಲಸಿ, ಕಾಗದದಲ್ಲಿ ಸುತ್ತಿ 10 ರೋಲ್ ಮಾಡಿ ಕೊಟ್ಟರು. ಅವರ ತಾಳ್ಮೆಗೆ ನಾನು ಋಣಿ.

ತೂಕದಿಂದ ಶುರು ಮಾಡುತ್ತೇನೆ, ಯಾಕೆಂದರೆ ನನಗೆ ಜಾಸ್ತಿ ನಂಬಿಕೆ ಇದ್ದದ್ದು ಅದರ ಮೇಲೆ. ಲೆಕ್ಕ ಚೆನ್ನಾಗಿಯೇ ಇದೆ. ಮಾಮೂಲಿ ಹಾಫ್ ಡಾಲರ್ 11.34 ಗ್ರಾಂ, 90% ಬೆಳ್ಳಿಯದು 12.50 ಗ್ರಾಂ. ರೋಲನ್ನು ಬಿಚ್ಚದೆ ತಕ್ಕಡಿಯ ಮೇಲಿಟ್ಟರೆ ಕಾಗದ ಬಿಟ್ಟು 226.8 ಗ್ರಾಂ ಬರಬೇಕು, ಒಂದು ಬೆಳ್ಳಿ ಇದ್ದರೆ ಅದರ ಮೇಲೆ ಇನ್ನೂ ಒಂದು ಗ್ರಾಮಿಗಿಂತ ಜಾಸ್ತಿ ಬರಬೇಕು. ಆದರೆ ನಾಣ್ಯಗಳು ಸವೆದಿರುತ್ತವೆ. ಟಂಕಸಾಲೆಯೇ ಹೊಸ ಹಾಫ್ ಡಾಲರಿಗೆ 0.45 ಗ್ರಾಂ ಆಚೀಚೆ ಇರಬಹುದು ಎನ್ನುತ್ತದೆ. ಸುತ್ತಿದ ಕಾಗದದ ತೂಕವೂ ಒಂದೇ ಸಮ ಇರುವುದಿಲ್ಲ. ನನ್ನ ರೋಲುಗಳಲ್ಲಿ ಬೆಳ್ಳಿ ಇಲ್ಲದವೇ ಒಂದಕ್ಕೊಂದು ಒಂದು ಗ್ರಾಂನಷ್ಟು ವ್ಯತ್ಯಾಸ ತೋರಿಸಿದವು. ಎರಡು 90% ನಾಣ್ಯ ಒಟ್ಟಿಗೆ ಬಿದ್ದಿದ್ದ ಒಂದು ರೋಲ್ ಮಾತ್ರ ಖಚಿತವಾಗಿ ಸಿಕ್ಕಿತು. ಉಳಿದವು ತಪ್ಪಿಸಿಕೊಂಡವು.

ಬಿಡಿಬಿಡಿಯಾಗಿ ತೂಗಿದರೆ? 90% ಇದ್ದ ಐದೂ ಸಿಕ್ಕವು, ಪ್ರೂಫ್ ಸೇರಿ. ಆದರೆ 40% ನಾಣ್ಯದ ತೂಕ 11.50 ಗ್ರಾಂ. ಮಾಮೂಲಿಗೂ ಅದಕ್ಕೂ ಇರುವ ಅಂತರ 0.16 ಗ್ರಾಂ. ಸವೆತದಲ್ಲೇ ಅದು ಮುಳುಗಿ ಹೋಗುತ್ತದೆ. ಹೊಸ ಮಾಮೂಲಿ ನಾಣ್ಯವೊಂದು ಸವಕಲು 40% ನಾಣ್ಯಕ್ಕಿಂತ ಜಾಸ್ತಿ ತೂಗಿದ್ದನ್ನು ಎರಡು ಸಲ ನೋಡಿದೆ. 200 ನಾಣ್ಯ ತೂಗಲು 25 ನಿಮಿಷ ಬೇಕಾಯಿತು. ಪೂರಾ ಬಾಕ್ಸ್ ಆಗಿದ್ದರೆ ಎರಡು ಗಂಟೆ! ಡೈಮುಗಳಿಗಂತೂ ಈ ದಾರಿ ಬೇಡವೇ ಬೇಡ. 50 ಡೈಮಿನ ರೋಲಿನಲ್ಲಿ ಒಂದು ಬೆಳ್ಳಿ ಇದ್ದರೆ ಹೆಚ್ಚುವುದು ಕಾಲು ಗ್ರಾಮೂ ಇಲ್ಲ.

ಮ್ಯಾಗ್ನೆಟ್ ವಿಷಯ ಬೇಗ ಮುಗಿಸುತ್ತೇನೆ. ಬೆಳ್ಳಿಗೆ ಮ್ಯಾಗ್ನೆಟ್ ಅಂಟುವುದಿಲ್ಲ, ಮಾಮೂಲಿ ಅಮೆರಿಕನ್ ನಾಣ್ಯಕ್ಕೂ ಅಂಟುವುದಿಲ್ಲ. ಓರೆಯಾಗಿಟ್ಟ ಬಲವಾದ ಮ್ಯಾಗ್ನೆಟ್ಟಿನ ಮೇಲೆ ಜಾರಿಸಿದರೆ ಬೆಳ್ಳಿ ನಿಧಾನವಾಗಿ ಇಳಿಯುತ್ತದೆ ಅನ್ನುವುದು ನಿಜ. ಆದರೆ ಇವತ್ತಿನ ಹಾಫ್ ಡಾಲರಿನಲ್ಲಿ ತಾಮ್ರವೇ ಶೇಕಡಾ 90ಕ್ಕೂ ಜಾಸ್ತಿ, ಅದೂ ನಿಧಾನವಾಗಿಯೇ ಇಳಿಯುತ್ತದೆ. ನನ್ನ ಕಣ್ಣಿಗೆ ವ್ಯತ್ಯಾಸ ಹಿಡಿಯಲು ಆಗಲಿಲ್ಲ. ಇದರ ಉಪಯೋಗ ಇರುವುದು ಡೈಮ್ ರೋಲಿನಲ್ಲಿ. ಅಲ್ಲಿ ಕೆನಡಾದ ನಾಣ್ಯಗಳು ಸೇರಿಕೊಂಡಿರುತ್ತವೆ. ಅವುಗಳಲ್ಲಿ ನಿಕಲ್ ಮತ್ತು ಉಕ್ಕಿನವು ಮ್ಯಾಗ್ನೆಟ್ಟಿಗೆ ಅಂಟಿಕೊಳ್ಳುತ್ತವೆ. ಅಂಟದೆ ಉಳಿದ ಕೆನಡಾ ಡೈಮನ್ನು ಕೂಡಲೇ ತಿರುಗಿಸಿ ಇಸವಿ ನೋಡಿ. 1966 ಅಥವಾ ಅದಕ್ಕೂ ಹಿಂದಿನದಾದರೆ ಬೆಳ್ಳಿ, 1920ರ ಈಚಿನವುಗಳಲ್ಲಿ 80%.

ಇನ್ನು ದನಿ. ಈ ಪರೀಕ್ಷೆಯನ್ನು ನಾನು ಮಾಡಲಿಲ್ಲ, ನಮ್ಮತ್ತೆ ಮಾಡಿದರು. ಆರು ತಿಂಗಳಿಗೆ ಅಂತ ಹಾಸನದಿಂದ ಬಂದಿದ್ದರು. ನಾನು ಊಟದ ಮೇಜಿನ ಮೇಲೆ ನಾಣ್ಯ ಹರಡಿಕೊಂಡು ತಕ್ಕಡಿ ಹಿಡಿದು ಕೂತಿದ್ದೆ. ಅತ್ತೆ ಸ್ವಲ್ಪ ಹೊತ್ತು ನೋಡಿದರು.

“ಏನಮ್ಮ, ಬೆಳ್ಳಿ ನೋಡೋಕೆ ತಕ್ಕಡಿ ಯಾಕೆ? ಕಲ್ಲಿನ ಮೇಲೆ ಬಿಟ್ಟು ಕೇಳಬಾರದಾ?”

“ಅತ್ತೆ, ನೀವೇ ಒಂದ್ಸಲ ನೋಡಿ ಹೇಳಿ,” ಅಂದೆ.

ಅವರು ಎದ್ದು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಹತ್ತಿರ ಹೋದರು. ಫ್ರಿಜ್ ಸದ್ದು ಮಾಡುತ್ತದೆ ಅಂತ ಅದರಿಂದ ದೂರದ ಮೂಲೆ ಹಿಡಿದರು. ಎಡಗೈಯಲ್ಲಿ ನಾಣ್ಯದ ಕುಪ್ಪೆ. ಬಲಗೈಯ ಎರಡು ಬೆರಳಿನಿಂದ ಒಂದೊಂದನ್ನೇ ಅಂಚು ಕೆಳಗಾಗಿ ಹಿಡಿದು, ನಾಲ್ಕು ಬೆರಳು ಎತ್ತರದಿಂದ ಬಿಡುತ್ತಿದ್ದರು. ಠಕ್. ಠಕ್. ಠಕ್. ಆಮೇಲೆ ಒಂದು ಠಣ್ ಅಂತು. ದನಿ ಅಲ್ಲಿಗೇ ನಿಲ್ಲದೆ ಸಣ್ಣಗೆ ಎಳೆದುಕೊಂಡು ಹೋಯಿತು. ಅತ್ತೆ ತಿರುಗಿಯೂ ನೋಡದೆ ಅದನ್ನು ಪಕ್ಕಕ್ಕೆ ಸರಿಸಿದರು. 1952ರ ಫ್ರಾಂಕ್ಲಿನ್ ಅದು.

ಅವರ ತಾಯಿಯ ಮನೆಯಲ್ಲಿ ದೇವರ ಪೆಟ್ಟಿಗೆಯಲ್ಲಿ ಬೆಳ್ಳಿ ರೂಪಾಯಿಗಳು ಇದ್ದವಂತೆ. ಬ್ರಿಟಿಷರ ಕಾಲದ ಆ ರೂಪಾಯಿ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಿಂದ ಆರನೇ ಜಾರ್ಜ್ ಅರಸನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರದ್ದು ಬರೀ ನಿಕಲ್. ಯಾವ ರೂಪಾಯಿ ಒಳ್ಳೇದು, ಯಾವುದು ಕಳಪೆ ಅನ್ನುವುದನ್ನು ಆಗಿನವರು ಕಲ್ಲಿನ ಮೇಲೆ ಬಿಟ್ಟೇ ತಿಳಿದುಕೊಳ್ಳುತ್ತಿದ್ದರಂತೆ. ಹಾಫ್ ಡಾಲರಿನ ಅಳತೆ, ತೂಕ ಎರಡೂ ಆ ರೂಪಾಯಿಗೆ ಹತ್ತಿರ. ಅತ್ತೆಯ ಕೈಗೆ ಅದು ಹೊಸದಾಗಿರಲಿಲ್ಲ.

ಫಲಿತಾಂಶ: 90% ನಾಣ್ಯ ಐದಕ್ಕೆ ಐದೂ ಸಿಕ್ಕವು. ಇಸವಿ 1992 ಅಂತಿದ್ದ ಪ್ರೂಫ್ ಕೂಡ ಅವರಿಂದ ತಪ್ಪಿಸಿಕೊಳ್ಳಲಿಲ್ಲ. 40% ಐದರಲ್ಲಿ ಎರಡನ್ನು ಮಾತ್ರ ತೆಗೆದಿಟ್ಟರು. ಇನ್ನೊಂದನ್ನು ಮೂರು ಸಲ ಬಿಟ್ಟು, “ಇದು ಯಾಕೋ ಬೇರೆ ಥರ, ಬೆಳ್ಳೀನೂ ಅಲ್ಲ, ತಗಡೂ ಅಲ್ಲ,” ಅಂದರು. ಎಷ್ಟು ಸರಿಯಾದ ಮಾತು! ಆ ನಾಣ್ಯದ ಹೊರಪದರ 80% ಬೆಳ್ಳಿ, ಒಳಗಿನದು ಹೆಚ್ಚುಕಡಿಮೆ 21% ಅಷ್ಟೆ. 200 ನಾಣ್ಯಕ್ಕೆ ಹಿಡಿದದ್ದು 15 ನಿಮಿಷ. ಮನೆ ನಿಶ್ಶಬ್ದವಾಗಿರಬೇಕು ಅನ್ನುವುದೊಂದೇ ತೊಂದರೆ. ಡೈಮಿನ ದನಿ ತೀರಾ ಸಣ್ಣದು, ಅಲ್ಲಿ ಅತ್ತೆಗೂ ಅಷ್ಟು ಖಚಿತವಾಗಿ ಹೇಳಲು ಆಗಲಿಲ್ಲ.

ಇಸವಿ ನೋಡುವುದು ಎಲ್ಲಕ್ಕಿಂತ ಸರಳ. ಒಂದೊಂದನ್ನೇ ತಿರುಗಿಸಿ ಓದುವುದು. 18 ನಿಮಿಷ ಬೇಕಾಯಿತು. ಹಳೇ ನಾಲ್ಕೂ ಸಿಕ್ಕವು, 40% ಐದೂ ಸಿಕ್ಕವು. ಬೇರೆ ಯಾವ ದಾರಿಯಲ್ಲೂ 40% ನಾಣ್ಯ ಐದಕ್ಕೆ ಐದು ಬರಲಿಲ್ಲ. ಆದರೆ 1992ರ ಪ್ರೂಫ್ ಕೈತಪ್ಪಿತು. ಕಣ್ಣು 1970ರ ಹಿಂದಿನದನ್ನೇ ಹುಡುಕುತ್ತಿರುವಾಗ 1992 ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಇಸವಿಯ ಜೊತೆ ಎಸ್ ಗುರುತನ್ನೂ ನೋಡುವ ಅಭ್ಯಾಸ ಬೇಕು. 1968ರಿಂದ ಕೆನಡಿ ನಾಣ್ಯದಲ್ಲಿ ಅದು ಇಸವಿಯ ಮೇಲ್ಗಡೆ, ಕತ್ತಿನ ಕೆಳಗೆ ಇರುತ್ತದೆ.

ಅಂಚು ನೋಡುವುದಕ್ಕೆ ನಾನು ಎರಡು ಮರದ ಸ್ಕೇಲುಗಳನ್ನು ಜೋಡಿಸಿ ಸಣ್ಣ ಕಾಲುವೆ ಥರ ಮಾಡಿಕೊಂಡಿದ್ದೇನೆ. ರೋಲಿನ ಕಾಗದ ಹರಿದು 20 ನಾಣ್ಯವನ್ನೂ ಅದರಲ್ಲಿ ಸಾಲಾಗಿ ಮಲಗಿಸಿದರೆ ಅಂಚುಗಳೆಲ್ಲ ಮೇಲೆ ಬರುತ್ತವೆ. ಕಂದು ಗೆರೆ, ಕಂದು ಗೆರೆ, ಕಂದು ಗೆರೆ, ನಡುವೆ ಒಂದೇ ಒಂದು ಕಡೆ ಬರೀ ಬಿಳುಪು. ಮೊದಲ ಸಲ ಕಂಡಾಗ ಎದೆ ಝಲ್ಲೆಂದಿತ್ತು. ಇವತ್ತಿಗೂ ಹಾಗೇ ಆಗುತ್ತದೆ.

10 ರೋಲಿಗೆ ಆರೇ ನಿಮಿಷ. 90% ಐದೂ ಸಿಕ್ಕವು. 40% ಐದರಲ್ಲಿ ಮೂರು ಸಿಕ್ಕವು. ಅವುಗಳ ಅಂಚು ಅಚ್ಚ ಬಿಳುಪಲ್ಲ, ಬೂದಿ ಬಣ್ಣಕ್ಕೆ ಸ್ವಲ್ಪ ಕಂದು ಬೆರೆತ ಹಾಗೆ ಇರುತ್ತದೆ. ಕೊಳೆ ಕೂತಿದ್ದರೆ ಮಾಮೂಲಿ ನಾಣ್ಯದ ಗೆರೆಯೂ ಮಂಕಾಗಿ ಎರಡೂ ಒಂದೇ ಥರ ಕಾಣುತ್ತವೆ. ತಪ್ಪಿದ ಎರಡೂ ಹಾಗೆ ಕಪ್ಪಾಗಿದ್ದವೇ. ಇಲ್ಲಿ ಬೆಳಕಿನದ್ದು ದೊಡ್ಡ ಪಾತ್ರ. ಮೊದಲು ರಾತ್ರಿ ಹಳದಿ ಬಲ್ಬಿನ ಕೆಳಗೆ ನೋಡುತ್ತಿದ್ದೆ. ಆ ಬೆಳಕಿನಲ್ಲಿ ಎಲ್ಲ ಅಂಚೂ ಹಳದಿಯಾಗಿ ತಾಮ್ರದ ಗೆರೆ ಎದ್ದು ಕಾಣುತ್ತಿರಲಿಲ್ಲ. ಈಗ ಬೆಳಿಗ್ಗೆ ಕಿಟಕಿ ಪಕ್ಕ ಕೂರುತ್ತೇನೆ. ಎಷ್ಟೋ ಬಾಕ್ಸ್‌ಗಳನ್ನು ಆ ಹಳದಿ ಬೆಳಕಿನಲ್ಲಿ ನೋಡಿ ವಾಪಸ್ ಕೊಟ್ಟೆನಲ್ಲ ಅಂತ ಈಗಲೂ ಬೇಜಾರಿದೆ.

ಡೈಮ್ ರೋಲಿಗೆ ಟಿಶ್ಯೂ ಕಾಗದದ ಉಪಾಯವನ್ನೂ ಮಾಡಿದೆ. ತಟ್ಟೆಯಲ್ಲಿ ಡೈಮ್ ಹರಡಿ ಮೇಲೆ ತೆಳ್ಳನೆ ಒಂದು ಪದರ ಕಾಗದ ಹಾಸಿದರೆ ಬೆಳ್ಳಿಯವು ಅಚ್ಚ ಬಿಳಿಯಾಗಿ, ಉಳಿದವು ಬೂದು ಬಣ್ಣಕ್ಕೆ ಕಾಣುತ್ತವೆ. ನೋಡಲು ಬಹಳ ಚೆಂದ. ಆದರೆ ಕಪ್ಪಾಗಿದ್ದ ಒಂದು ಮರ್ಕ್ಯುರಿ ಡೈಮ್ (ಹಳೇ ಬೆಳ್ಳಿ ಡೈಮ್) ಕಾಗದದ ಕೆಳಗೆ ಬೇರೆಯಾಗಿ ಕಾಣಲೇ ಇಲ್ಲ. ಅಂಚಿನಲ್ಲಿ ಅದೇ ಡೈಮ್ ಕೂಡಲೇ ಕಂಡಿತು. ಹಾಗಾಗಿ ಡೈಮ್, ಕ್ವಾರ್ಟರ್ ಎರಡಕ್ಕೂ ಅಂಚು ಸಾಕು. ಅವುಗಳಲ್ಲಿ 40% ಅನ್ನುವ ಗೊಂದಲವೂ ಹೆಚ್ಚುಕಡಿಮೆ ಇಲ್ಲ.

ನಿಕಲ್ ಅಂತ ಕರೆಯುವ ಐದು ಸೆಂಟಿನ ನಾಣ್ಯಕ್ಕೆ ಮಾತ್ರ ಇವೆಲ್ಲ ಕೆಲಸಕ್ಕೆ ಬರುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರ ಅಕ್ಟೋಬರಿನಿಂದ 1945ರವರೆಗೆ, ಅದರಲ್ಲಿ 35% ಬೆಳ್ಳಿ ಹಾಕಿದ್ದರು. ತೂಕ ಅದೇ 5 ಗ್ರಾಂ, ಅಂಚಿನಲ್ಲಿ ಗೆರೆಯೂ ಇಲ್ಲ. ಹಿಂಬದಿಯಲ್ಲಿ ಮಾಂಟಿಸೆಲ್ಲೋ ಮನೆಯ ಗುಮ್ಮಟದ ಮೇಲೆ ಪಿ, ಡಿ ಅಥವಾ ಎಸ್ ಅನ್ನುವ ದೊಡ್ಡ ಅಕ್ಷರ ಇದೆಯಾ ಅಂತ ಒಂದೊಂದನ್ನೇ ತಿರುಗಿಸಿ ನೋಡಬೇಕು, ಬೇರೆ ದಾರಿಯಿಲ್ಲ.

ಹಾಫ್ ಡಾಲರಿಗೆ ಈಗ ನಾನು ಅಂಚು, ಇಸವಿ ಎರಡನ್ನೂ ಮಾಡುತ್ತೇನೆ. ಮೊದಲು ಕಿಟಕಿಯ ಬೆಳಕಿನಲ್ಲಿ ಅಂಚು, ಅಲ್ಲಿ 90% ಎಲ್ಲವೂ ಬರುತ್ತವೆ. ಆಮೇಲೆ ಉಳಿದ ರಾಶಿಯನ್ನು ಇಸವಿ ನೋಡಿಕೊಂಡು ಹೋಗುತ್ತೇನೆ, 40% ನಾಣ್ಯಕ್ಕಾಗಿ. ಸಮಯ ಇಲ್ಲದ ದಿನ ಬರೀ ಅಂಚು ನೋಡಿ ಬಿಡಬಹುದಾ ಅಂತ ಕೇಳಿದರೆ, ಬೇಡ ಅನ್ನುತ್ತೇನೆ. 40% ನಾಣ್ಯ ಒಂದರಲ್ಲಿ 4.6 ಗ್ರಾಂ ಬೆಳ್ಳಿ ಇರುತ್ತದೆ, ಮತ್ತು ನನ್ನ ಡಬ್ಬಿಯಲ್ಲಿ ಜಾಸ್ತಿ ಇರುವುದೇ ಅವು. ತಕ್ಕಡಿಯನ್ನು ಅನುಮಾನ ಬಂದ ಒಂದೆರಡು ನಾಣ್ಯಕ್ಕೆ ಇಟ್ಟುಕೊಂಡಿದ್ದೇನೆ.

ಇನ್ನೊಂದು ವಿಷಯ, ನೋಡಿ ಮುಗಿಸಿದ ನಾಣ್ಯದ್ದು. ಶುರುವಿನಲ್ಲಿ ತಂದ ಶಾಖೆಗೇ ವಾಪಸ್ ಕೊಡುತ್ತಿದ್ದೆ. ಮೂರನೇ ಸಲಕ್ಕೆ ಅಲ್ಲಿನವರು ಮುಖ ಬಿಗಿದುಕೊಂಡರು, ಇನ್ನು ಬಾಕ್ಸ್ ತರಿಸುವುದಿಲ್ಲ ಅಂದರು. ಅವರಿಗೂ ಎಣಿಸುವ, ಸಾಗಿಸುವ ಕೆಲಸ ಇರುತ್ತದಲ್ವಾ. ಅದೂ ಅಲ್ಲದೆ ನಾನು ನೋಡಿದ ನಾಣ್ಯವೇ ಮತ್ತೆ ನನ್ನ ಕೈಗೆ ಬರುವ ಸಾಧ್ಯತೆ ಇತ್ತು. ಈಗ ತರುವುದು ಒಂದು ಬ್ಯಾಂಕಿನಿಂದ, ಕಟ್ಟುವುದು ನಾಣ್ಯ ಎಣಿಸುವ ಯಂತ್ರ ಇರುವ ಇನ್ನೊಂದು ಬ್ಯಾಂಕಿಗೆ. ಹಾಕುವ ಮುಂಚೆ ಆ ಯಂತ್ರದ ತಿರಸ್ಕಾರದ ತಟ್ಟೆಯನ್ನು ಒಮ್ಮೆ ನೋಡುತ್ತೇನೆ. ಬೆಳ್ಳಿ ನಾಣ್ಯವನ್ನು ಇಂಥ ಯಂತ್ರಗಳು ಎಷ್ಟೋ ಸಲ ಗುರುತಿಸದೆ ಹೊರಗೆ ತಳ್ಳುತ್ತವೆ, ಹಾಕಿದವರು ಗಮನಿಸದೆ ಹೋಗಿರುತ್ತಾರೆ. ಹೋದ ತಿಂಗಳು ಅಲ್ಲಿ ಒಂದು ಕೆನಡಾ ಪೆನ್ನಿ, ಒಂದು ವಾಷರ್, ಮತ್ತು 1957ರ ಡೈಮ್ ಬಿದ್ದಿದ್ದವು. ಸುತ್ತ ಯಾರೂ ಇರಲಿಲ್ಲ. ಕೌಂಟರಿನವರನ್ನು ಕೇಳಿದೆ, ತೆಗೆದುಕೊಳ್ಳಿ ಅಂದರು. ಅಲ್ಲೇ ಅಂಚು ತಿರುಗಿಸಿ ನೋಡಿದೆ, ಗೆರೆ ಇರಲಿಲ್ಲ.