ಹಿನ್ನೀರಿಗೆ ಮನೆಮಂದಿಯ ದೋಣಿ: ತೆಪ್ಪ, ಗಾಳಿ ದೋಣಿ, ಫೈಬರ್ – ಎಲ್ಲ ಹತ್ತಿ ನೋಡಿದ ಮೇಲೆ

ಒಬ್ಬರೇ ಕೂತರೆ ಯಾವ ದೋಣಿಯೂ ಗಟ್ಟಿ ಅನ್ನಿಸುತ್ತದೆ. ಮಗಳ ಗಾಳಕ್ಕೆ ಒಂದು ಜಿಲೇಬಿ ಮೀನು ಬಿತ್ತು ಅನ್ನಿ, ಆಗ ನೋಡಬೇಕು. ಅವಳು ಕೂಗುತ್ತಾಳೆ. ತಮ್ಮ ಎದ್ದು ನಿಲ್ಲುತ್ತಾನೆ. ಅವನ ಅಂಗಿ ಹಿಡಿಯಲು ಅವರವ್ವ ಬಾಗುತ್ತಾಳೆ. ಕೈಬಲೆ ಹಿಡಿದು ನಾನೂ ಅತ್ತಲೇ ಸರಿಯುತ್ತೇನೆ. ನಾಲ್ಕೂ ಜನ ಒಂದೇ ಬದಿಗೆ! ಆ ಗಳಿಗೆಯಲ್ಲಿ ದೋಣಿ ಏನು ಮಾಡುತ್ತದೆ ಅನ್ನೋದೇ ನನಗೆ ಮುಖ್ಯವಾಗಿತ್ತು.

ನಮ್ಮದು ಬಾಗಲಕೋಟೆ. ಆಲಮಟ್ಟಿ ಹಿನ್ನೀರು ಘಟಪ್ರಭೆಯಲ್ಲಿ ಮೇಲೇರಿ ಹಳೇ ಊರಿನ ಮಗ್ಗುಲಿಗೇ ಬಂದು ನಿಂತಿದೆ. ಜಲಾಶಯ ಸಮುದ್ರ ಮಟ್ಟದಿಂದ 519.6 ಮೀಟರ್ ಎತ್ತರಕ್ಕೆ, ಅಂದರೆ ಪೂರ್ತಿ ತುಂಬಿದಾಗ ಆಚೆ ದಂಡೆ ದೂರ, ಗಾಳಿಗೆ ತೆರೆ ಏಳುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ್ದ ಗೋಡೆ, ಮರದ ಬೊಡ್ಡೆ, ಜಾಲಿ ಕಂಟಿ ಎಲ್ಲ ಮೇಲಕ್ಕೆ ಬರುತ್ತವೆ. ಎರಡಕ್ಕೂ ಒಗ್ಗುವ ದೋಣಿ ಬೇಕಿತ್ತು.

ಕೃಷ್ಣೆ, ಘಟಪ್ರಭೆಯಲ್ಲಿ ಮೊಸಳೆ ಇವೆ. ಹಾಗಾಗಿ ಮೊದಲ ಪರೀಕ್ಷೆ ಊರ ಕೆರೆಯಲ್ಲಿ, ಸೊಂಟದ ಮಟ್ಟದ ನೀರಿನಲ್ಲಿ. ಮಕ್ಕಳ ಬದಲು 20 ಕೆಜಿಯ ಎರಡು ಜೋಳದ ಚೀಲ ಇಟ್ಟೆವು. ನಾನು, ಹೆಂಡತಿ ಲೈಫ್ ಜಾಕೆಟ್ ಹಾಕಿಕೊಂಡು ಮೊದಲು ನಡುವೆ ಕೂತೆವು, ಆಮೇಲೆ ಇಬ್ಬರೂ ಒಂದೇ ಬದಿಗೆ ಸರಿದೆವು. ಓಣಿಯ ಕಾಕಾ ನೀರಲ್ಲಿ ನಿಂತು, ಅಂಚು ನೀರಿನಿಂದ ಎಷ್ಟು ಮೇಲಿದೆ ಅಂತ ಟೇಪು ಹಿಡಿದು ಅಳೆದರು. ಅವರು ಬಲೆ ಬೀಸಿಯೇ ಬದುಕು ಮಾಡಿದವರು.

ತೆಪ್ಪ ಅವರದ್ದೇ. ಬಿದಿರಿನ ಹೆಣಿಗೆ, ಮೇಲೆ ಪ್ಲಾಸ್ಟಿಕ್ ಹಾಳೆ, ಡಾಂಬರು. ಇದನ್ನು ನಾನು ಬಲು ಗೌರವದಿಂದ ನೋಡುತ್ತೇನೆ. ಒಬ್ಬರೇ ತಲೆ ಮೇಲೆ ಹೊತ್ತು ಒಯ್ಯಬಹುದು, ಗೇಣುದ್ದ ನೀರಿದ್ದರೂ ಸಾಕು. ತಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರೆ ಅಲುಗುವುದೇ ಇಲ್ಲ. ಆದರೆ ನಾವಿಬ್ಬರೂ ಒಂದು ಬದಿಗೆ ಸರಿದಾಗ ಅಂಚು ನೀರಿಗೆ ನಾಲ್ಕೇ ಬೆರಳು ಉಳಿಯಿತು. ನಾನು ಏಳಲು ಹೋದೆ. "ಏ ತಮ್ಮಾ, ನಿಂದರಬ್ಯಾಡ, ಕುಂದ್ರು!" ಅಂತ ಕಾಕಾ ಗದರಿದರು. ಮೇಲಾಗಿ ತೆಪ್ಪ ತಿರುಗುತ್ತದೆ. ಹುಟ್ಟು ಹಾಕುವ ಕೈ ಪಳಗಿರಬೇಕು. ಕಾಕಾನ ಕೈಯಲ್ಲಿ ಅದು ನೆಟ್ಟಗೆ ಹೋಗುತ್ತದೆ, ನನ್ನ ಕೈಯಲ್ಲಿ ಗಾಳದ ದಾರವೆಲ್ಲ ಸುತ್ತಿಕೊಂಡಿತು.

ಗಾಳಿ ತುಂಬುವ ರಬ್ಬರ್ ದೋಣಿ ನನಗೆ ಅಚ್ಚರಿ ತಂದಿತು. ಎರಡೂ ಬದಿಗೆ ದಪ್ಪ ಕೊಳವೆ. ಬಾಗಿದಷ್ಟೂ ಅದು ನೀರಲ್ಲಿ ಒತ್ತಿ, ತಿರುಗಿ ಮೇಲೆ ತಳ್ಳುತ್ತದೆ. ಬರೀ ಅಲುಗಾಟದ ಲೆಕ್ಕದಲ್ಲಿ ಇದಕ್ಕೇ ಮೊದಲ ಸ್ಥಾನ. ಮಡಚಿ ಕಾರಿನ ಡಿಕ್ಕಿಯಲ್ಲಿ ಹಾಕಬಹುದು. ಕೆರೆಗೆ ಮಾತ್ರ ಹೋಗುವವರು ಕಣ್ಣು ಮುಚ್ಚಿ ತಗೊಳ್ಳಿ. ಹಿನ್ನೀರಿಗೆ ಬೇಡ. ಎರಡನೇ ಭಾನುವಾರ ಅಲ್ಲಿಗೆ ಒಯ್ದಾಗ ನೀರೊಳಗಿನ ಜಾಲಿ ಕಂಟಿ ಚುಚ್ಚಿ ಒಂದು ಕೋಣೆ ಸುಸ್ ಅಂತ ಇಳಿಯಿತು. ಕೋಣೆಗಳು ಬೇರೆ ಬೇರೆ ಇದ್ದುದರಿಂದ ಮುಳುಗಲಿಲ್ಲ, ಸದ್ಯ. ಜಿಲೇಬಿಯ ಬೆನ್ನ ಮುಳ್ಳು, ಮಕ್ಕಳ ಕೈಯ ಗಾಳ – ಇವುಗಳ ಭಯವೂ ಇದ್ದೇ ಇದೆ. ಹಗುರವಾದ್ದರಿಂದ ಗಾಳಿ ಬೀಸಿದ ಕಡೆಗೆ ಹೋಗುತ್ತದೆ, ನಾವು ಹುಟ್ಟು ಹಾಕಿದ ಕಡೆಗಲ್ಲ.

3 ಅಡಿ ಅಗಲದ ಉದ್ದನೆಯ ದೋಣಿಯೊಂದನ್ನೂ ನೋಡಿದೆವು. ಚೆನ್ನಾಗಿ ಓಡುತ್ತದೆ. ಇಬ್ಬರೂ ಸರಿದಾಗ ನೀರು ಒಳಗೇ ಬಂತು. ಅಲ್ಲಿಗೆ ಬಿಟ್ಟೆವು.

ಕೊನೆಗೆ 12 ಅಡಿ ಉದ್ದ, 5 ಅಡಿ ಅಗಲ, ತಟ್ಟೆಯಂಥ ಚಪ್ಪಟೆ ತಳದ ಫೈಬರ್ ದೋಣಿ. ನಡುವೆ ಕೂತಾಗ ಅಂಚು 14 ಇಂಚು ಮೇಲಿತ್ತು. ಇಬ್ಬರೂ ಒಂದು ಬದಿಗೆ ಸರಿದಾಗ 9. ನಾನು ಎದ್ದು ನಿಂತೆ, ಸ್ವಲ್ಪ ವಾಲಿ ಅಲ್ಲೇ ನಿಂತಿತು. ಕಾಕಾ ಮತ್ತೊಮ್ಮೆ ಅಳೆದು ನೋಡಿ, "ಇದು ಮಕ್ಕಳ ದೋಣಿ" ಅಂದರು. ತೆರೆ ಎದ್ದಾಗ ಚಪ್ಪಟೆ ತಳ ಪಟಪಟ ಬಡಿಯುತ್ತದೆ, ನಡ ನೋಯುತ್ತದೆ. ಆ ವಿಷಯದಲ್ಲಿ ಚೂಪು ತಳದ ದೋಣಿ ಮೇಲು, ತೆರೆಯನ್ನು ಸೀಳಿಕೊಂಡು ಹೋಗುತ್ತದೆ. ಆದರೆ ಗಾಳ ಹಾಕಿ ಸುಮ್ನೆ ನಿಂತಾಗ ಅದು ಜಾಸ್ತಿ ಓಲಾಡುತ್ತದೆ. ನಾವು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಅಲ್ವಾ? ಆಷಾಢದ ಗಾಳಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೇಗೂ ನೀರಿಗೆ ಇಳಿಯುವುದಿಲ್ಲ.

ಫೈಬರ್ ಕೊಳ್ಳುವಾಗ ಒಂದು ವಿಷಯ ಬಿಡಬೇಡಿ. ನೀರು ತುಂಬಿದರೆ ಫೈಬರ್ ತಾನಾಗಿ ತೇಲುವುದಿಲ್ಲ, ಮುಳುಗುತ್ತದೆ. ಸೀಟಿನ ಕೆಳಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಫೋಮ್ ಇರಬೇಕು. ನನಗೆ ಮೊದಲು ಒಬ್ಬರು ತೋರಿಸಿದ ಹಳೇ ದೋಣಿಯಲ್ಲಿ "ಒಳಗೆಲ್ಲ ತುಂಬಿದೆ" ಅಂದಿದ್ದರು. ಬಡಿದರೆ ಟೊಳ್ಳು ಸದ್ದು. ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಒಂದು ತಾಸು ನೀರಲ್ಲಿ ಬಿಟ್ಟು ಎತ್ತಿ ವಾಲಿಸಿದಾಗ ಪೆಟ್ಟಿಗೆಯೊಳಗೆ ಗುಳುಗುಳು ಅಂತು. ಮಕ್ಕಳನ್ನು ಕೂರಿಸುವ ದೋಣಿ ಅಂತ ಹೇಳಿಯೇ ಕೇಳಿದ್ದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಈಗಿನದನ್ನು ಕೆರೆಯಲ್ಲಿ ಬೇಕಂತಲೇ ನೀರು ತುಂಬಿಸಿ ನೋಡಿಯೇ ತಂದೆವು. ಅಂಚಿನವರೆಗೆ ತುಂಬಿದರೂ ತೇಲುತ್ತಲೇ ಇತ್ತು. ಒಳಗೆ ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟು ಕತ್ತರಿಸಿ ಹಾಕಿದ್ದೇವೆ, ಒದ್ದೆ ಕಾಲು ಜಾರುವುದಿಲ್ಲ. ಭಾರ ಹೊತ್ತಾಗ ನೀರು ಎಲ್ಲಿಗೆ ಬರಬೇಕೋ ಅಲ್ಲಿ ಹೊರಗಡೆ ಕೆಂಪು ಬಣ್ಣದ ಗೆರೆ ಎಳೆದಿದ್ದೇವೆ. ಗೆರೆ ಮುಳುಗಿದರೆ ಒಬ್ಬರು ದಂಡೆಗೆ ಇಳಿಯಬೇಕು. ಅದನ್ನು ನೋಡುವ ಕೆಲಸ ಮಗಳದ್ದು.