ಹತ್ತು ಮೈಕ್ರಾನ್ ಪಾಡು: ಪೆಲೆಟ್ ಗೇಜ್ ಜೊತೆ ಹದಿನಾಲ್ಕು ತಿಂಗಳು

ಕಳೆದ ಆಗಸ್ಟ್‌ನಲ್ಲಿ ಏರ್ ರೈಫಲ್‌ನ ಸೀಸದ ಗುಂಡು, ಅಂದರೆ ಪೆಲೆಟ್, ಮಾರುವ ಅಂಗಡಿಯವರ ಜೊತೆ ಜೋರಾಗಿ ಮಾತಾಡಿ ಬಂದೆ. ತಲೆಯ ಅಗಲ 4.50 ಮಿ.ಮೀ. ಅಂತ ಬರೆದ ಡಬ್ಬಿಯಲ್ಲಿ 4.51ರವು ತುಂಬಿವೆ ಅಂದೆ. ಅವರು ಸಮಾಧಾನದಿಂದಲೇ "ಸರ್, ಸೀಲ್ ಒಡೆದದ್ದು ನೀವೇ ಅಲ್ವಾ?" ಅಂದರು. ತಪ್ಪು ಅವರದ್ದಾಗಿರಲಿಲ್ಲ, ಡಬ್ಬಿಯದ್ದೂ ಅಲ್ಲ. ಪೆಲೆಟ್‌ನ ತಲೆ ಅಳೆಯಲು ನಾನು ಕಣ್ಣುಮುಚ್ಚಿ ನಂಬಿದ್ದ ಗೇಜ್‌ನದ್ದು.

ವಸ್ತು ಸರಳ. ಒಂದು ಸ್ಟೀಲ್ ಪಟ್ಟಿ, ಅದರಲ್ಲಿ ಸಾಲಾಗಿ ತೂತುಗಳು. ಒಂದಕ್ಕಿಂತ ಪಕ್ಕದ್ದು 0.01 ಮಿ.ಮೀ. ದೊಡ್ಡದು. ಪೆಲೆಟ್‌ನ ತಲೆ ಕೆಳಗೆ ಮಾಡಿ ತೂತಿನ ಮೇಲೆ ಬಿಡಬೇಕು. ತಲೆ ಇಳಿದರೆ ಹಿಂದಿನ ಅಗಲವಾದ ಲಂಗ ಪಟ್ಟಿಯ ಮೇಲೆ ಕೂರುತ್ತದೆ. ಇಳಿಯದಿದ್ದರೆ ಮುಂದಿನ ತೂತು. ವರ್ನಿಯರ್‌ನಲ್ಲಿ ಈ ಕೆಲಸ ಆಗುವುದಿಲ್ಲ, ಮೆದು ಸೀಸವನ್ನು ಅದರ ಬಾಯಿಯೇ ಒತ್ತಿಬಿಡುತ್ತದೆ. ಕೊರಿಯರ್, ತೆರಿಗೆ ಎಲ್ಲ ಸೇರಿ ಆರು ಸಾವಿರ ದಾಟಿತು. ನನ್ನ ಸಂಬಳಕ್ಕೆ ಅದು ಯೋಚಿಸಿ ಮಾಡುವ ಖರ್ಚು.

ಯಾಕೆ ಬೇಕು ಅಂತ ನಮ್ಮ ಮನೆಯಲ್ಲೂ ಕೇಳಿದರು. ಹತ್ತು ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕಿ ಬರೀ 0.5 ಮಿ.ಮೀ. ಅರವತ್ತು ಗುಂಡಿಗೂ ದಶಮಾಂಶದಲ್ಲಿ ಅಂಕ, ಒಂದಕ್ಕೆ ಹೆಚ್ಚೆಂದರೆ 10.9. ಬ್ಯಾರೆಲ್ ಒಳಗೆ ಪೆಲೆಟ್‌ನ ತಲೆ ಒಮ್ಮೆ ಬಿಗಿ, ಒಮ್ಮೆ ಸಡಿಲ ಆದರೆ ಒಂದೇ ಕಡೆ ಹೋಗಬೇಕಾದ ಗುಂಡು ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಆ ಕೂದಲೆಳೆಯೇ ಇಲ್ಲಿ ಲೆಕ್ಕಕ್ಕೆ ಬರುವುದು.

ಭಾನುವಾರ ರಾತ್ರಿ ಊಟ ಆದ ಮೇಲೆ ಶುರು. ಹಾಲ್‌ನ ಟೇಬಲ್ ಮೇಲೆ ಹಳೇ ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತೇನೆ. ಪೆಲೆಟ್ ಉರುಳಬಾರದು, ಬಿದ್ದರೆ ಲಂಗ ನೆಗ್ಗುತ್ತದೆ. ಫಿಲಂ ರೋಲ್ ಬರುತ್ತಿದ್ದ ಕರೀ ಡಬ್ಬಿಗಳು ಮೂರು, ಮುಚ್ಚಳದ ಮೇಲೆ 49, 50, 51. ಸೀಸ ಮುಟ್ಟಿದ ಕೈ, ಅದಕ್ಕೆ ಕಾಫಿ ಹತ್ತಿರ ತರುವುದಿಲ್ಲ, ಮುಗಿದ ಮೇಲೆ ಸೋಪ್ ಹಾಕಿ ತೊಳೆಯುತ್ತೇನೆ. ತಲೆ ಇಳಿದಾಗ 'ಟಿಕ್' ಅಂತ ಸಣ್ಣ ಸದ್ದು. ಎಂಟನೇ ಕ್ಲಾಸಿನ ಮಗಳು ಪಕ್ಕದಲ್ಲಿ ಕೂತು ಸದ್ದಿನ ಮೇಲೇ ಎಣಿಸುತ್ತಾಳೆ. ನಮ್ಮಿಬ್ಬರಿಗೆ ವಾರದಲ್ಲಿ ಹೀಗೆ ಸುಮ್ನೆ ಒಟ್ಟಿಗೆ ಕೂರುವ ಹೊತ್ತು ಅದೊಂದೇ. ಬೆರಳಲ್ಲಿ ಒತ್ತಲೇಬಾರದು, ತನ್ನ ತೂಕಕ್ಕೆ ತಾನೇ ಇಳಿಯಬೇಕು ಅಂತ ಈಗ ಅವಳೇ ನನಗೆ ನೆನಪಿಸುತ್ತಾಳೆ.

ಮೊದಲ ಡಬ್ಬಿಯ 500ರಲ್ಲಿ 310 ಪೆಲೆಟ್ 4.50. 130 ಒಂದು ಮೆಟ್ಟಿಲು ಕೆಳಗೆ, 60 ಮೇಲೆ. ಎರಡನೇ ಡಬ್ಬಿಯೂ ಹೆಚ್ಚುಕಮ್ಮಿ ಹಾಗೇ. ಅದೇ ಲಾಟ್‌ನ ಮೂರನೇ ಡಬ್ಬಿ ತೆಗೆದರೆ ಮುಕ್ಕಾಲು ಪಾಲು 4.51! ಜಗಳ ಆಡಿದ್ದು ಅದಕ್ಕೇ.

ದಾರಿ ತೋರಿಸಿದವರು ಟೆಕ್ಸಾಸ್‌ನಲ್ಲಿರುವ ನಮ್ಮ ಭಾವ. ಅವರು ರೈಫಲ್ ಕಾಡತೂಸುಗಳನ್ನು ಮನೆಯಲ್ಲೇ ಮತ್ತೆ ತುಂಬುತ್ತಾರೆ, ಅಲ್ಲಿ ಅದು ಮಾಮೂಲು. ಹಾರಿಸಿದ ಹಿತ್ತಾಳೆ ಕೇಸ್ ಉಬ್ಬಿರುತ್ತದೆ, ಡೈ ಅನ್ನೋ ಅಚ್ಚಿಗೆ ಒತ್ತಿ ಅಳತೆಗೆ ತರಬೇಕು. ಪ್ರತಿ ಸಲವೂ ಹಿತ್ತಾಳೆ ಇನ್ನಷ್ಟು ಗಟ್ಟಿಯಾಗುತ್ತದೆ, ಒತ್ತಿದ ಮೇಲೆ ಸ್ವಲ್ಪ ವಾಪಸ್ ಚಿಮ್ಮುತ್ತದೆ. ಡೈ ಕದಲಿಸದಿದ್ದರೂ ಒಂದೊಂದು ಕೇಸಿನ ಭುಜ ಒಂದೊಂದು ಕಡೆ ನಿಲ್ಲುತ್ತದೆ. ಅದಕ್ಕೇ ಕತ್ತು ಕಾಯಿಸಿ ಮೆದು ಮಾಡುತ್ತಾರೆ, ಎಲ್ಲಕ್ಕೂ ಒಂದೇ ಸಮ ಜಿಡ್ಡು ಹಚ್ಚುತ್ತಾರೆ, ಡೈ ಆಗಾಗ ಒರೆಸುತ್ತಾರೆ. ನನ್ನ ಕಥೆ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಪಟ್ಟಿ ಕೊನೇ ಸಲ ಒರೆಸಿದ್ದು ಯಾವಾಗಪ್ಪಾ?"

ಒರೆಸಿಯೇ ಇರಲಿಲ್ಲ. ಪೀಣ್ಯದ ಟೂಲ್ ರೂಮ್‌ನಲ್ಲಿರುವ ಗೆಳೆಯ 4.49ರ ಪಿನ್ ಗೇಜ್, ಅಂದರೆ ಅಷ್ಟೇ ದಪ್ಪಕ್ಕೆ ನಿಖರವಾಗಿ ಮಾಡಿದ ಕಡ್ಡಿ, ತಂದುಕೊಟ್ಟ. 4.50ರ ತೂತಿನಲ್ಲಿ ಅದು ಸಲೀಸಾಗಿ ಇಳಿಯಬೇಕಿತ್ತು. ಅರ್ಧಕ್ಕೇ ನಿಂತಿತು. ಟಾರ್ಚ್ ಹಿಡಿದು ನೋಡಿದರೆ ಅಂಚಿನ ಸುತ್ತ ಬೂದು ಬಣ್ಣದ ತೆಳು ಉಂಗುರ. ಸಾವಿರ ಪೆಲೆಟ್ ಸವರಿ ಬಿಟ್ಟ ಸೀಸ. ಜಾಸ್ತಿ ಬಳಸಿದ್ದು ಅದೇ ತೂತು, ಮೆತ್ತಿದ್ದೂ ಅಲ್ಲೇ. ಎಣ್ಣೆ ಹಚ್ಚಿದ ಹತ್ತಿ ಕಡ್ಡಿ ತಿರುಗಿಸಿ, ಒಣ ಬಟ್ಟೆಯಲ್ಲಿ ಒರೆಸಿದೆ. ಪಿನ್ ಸರ್ರನೆ ಇಳಿಯಿತು. ಮೂರನೇ ಡಬ್ಬಿಯನ್ನು ಮತ್ತೆ ಪೂರ್ತಿ ಅಳೆದೆ, ಹಿಂದಿನ ಎರಡರ ಹಾಗೇ ಬಂತು.

ಇದು ನನಗೆ ಬೇಜಾರು. ಇಷ್ಟು ದುಡ್ಡು ತಗೊಂಡವರು ಜೊತೆಗಿಟ್ಟ ಚೀಟಿಯಲ್ಲಿ ಒಂದು ಸಾಲು ಬರೆಯಬಹುದಿತ್ತು: ಇನ್ನೂರು ಪೆಲೆಟ್‌ಗೊಮ್ಮೆ ಒರೆಸಿ ಅಂತ. ಜೊತೆಗೊಂದು ಪಿನ್ ಕೊಟ್ಟಿದ್ದರೆ ಇನ್ನೂ ಒಳ್ಳೆಯದಿತ್ತು.

ಆದರೂ ಇಟ್ಟುಕೊಂಡಿದ್ದೇನೆ. ರೈಫಲ್ ಅಲುಗದ ಹಾಗೆ ಆಧಾರದ (ರೆಸ್ಟ್) ಮೇಲೆ ಇಟ್ಟು ಹೊಡೆದಾಗ ಬೇರ್ಪಡಿಸಿದ ಪೆಲೆಟ್‌ಗಳು ಟಾರ್ಗೆಟ್ ಮೇಲೆ ಇನ್ನಷ್ಟು ಒತ್ತೊತ್ತಾಗಿ ಬೀಳುತ್ತಿವೆ, ಹತ್ತರಲ್ಲಿ ಒಂದು ಆಚೆ ಹಾರುತ್ತಿದ್ದದ್ದು ನಿಂತಿದೆ. ನಿಂತು ಹೊಡೆಯುವಾಗ ಅಂಕ ಅಷ್ಟೇನೂ ಏರಿಲ್ಲ. 9.3 ಬಿದ್ದರೆ ಟ್ರಿಗರ್ ಎಳೆದದ್ದು ಸರಿಯಿಲ್ಲ ಅಂತ ಗೊತ್ತಾಗುತ್ತದೆ, ಡಬ್ಬಿಯ ಮೇಲೆ ಅನುಮಾನ ಬರುವುದಿಲ್ಲ. ಹೊಸದಾಗಿ ಕಲಿಯುವವರು ಆ ಆರು ಸಾವಿರಕ್ಕೆ ಪೆಲೆಟ್ ತಗೊಂಡು ಅಭ್ಯಾಸ ಮಾಡಲಿ. ಅರವತ್ತು ಗುಂಡಿಗೆ ಅಂಕ 610 ದಾಟಿ ಅಲ್ಲೇ ನಿಂತವರು ತಗೊಳ್ಳಬಹುದು, ಪಿನ್ ಗೇಜ್ ಜೊತೆಗೆ.

ಹೋದ ಶನಿವಾರ ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ. ಅವರು ನಕ್ಕು, ಆ ಪಟ್ಟಿ ಒಮ್ಮೆ ತನ್ನಿ ಸರ್, ನಾನೂ ನೋಡಬೇಕು ಅಂದರು. ಒರೆಸಿ, ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಟ್ಟಿದ್ದೇನೆ.