ನಮ್ಮ ಬೀದಿಯ ಹಿಟ್ಟಿನ ಮಿಲ್ಲು: ವರ್ಷದ ಮೇಲೆ ಹೋಗಿ ಬಂದು ಬರೆಯುತ್ತಿದ್ದೇನೆ

ತುಮಕೂರಿನಲ್ಲಿ ನಮ್ಮ ಮನೆಯಿಂದ ಮೂರು ಬೀದಿ ಆಚೆ ಒಂದು ಹಿಟ್ಟಿನ ಮಿಲ್ಲಿದೆ. ಬೋರ್ಡಿನ ಮೇಲಿದ್ದ ಹೆಸರು ಮಳೆಗೆ ಅಳಿಸಿ ಹೋಗಿ "ಹಿಟ್ಟಿನ ಗಿರಣಿ" ಅಂತ ಮಾತ್ರ ಉಳಿದಿದೆ. ರಾಗಿ, ಗೋಧಿ ಕೆಜಿಗೆ 6 ರೂಪಾಯಿ, ಅಕ್ಕಿ 8, ಖಾರದ ಪುಡಿ, ಸಾರಿನ ಪುಡಿಗೆ ಬೇರೆ ರೇಟು. ಭಾನುವಾರ ಮಧ್ಯಾಹ್ನದವರೆಗೆ ಮಾತ್ರ, ಮಂಗಳವಾರ ರಜ. ಈ ಒಂದು ಅಂಗಡಿ ನಮ್ಮ ಮನೆಯನ್ನು ಹೇಗೆ ಹಿಡಿದು ನಿಲ್ಲಿಸಿತು ಅಂತ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

2024ರ ದೀಪಾವಳಿ ಕಳೆದು ಹದಿನೈದು ದಿನಕ್ಕೆ ನಮ್ಮ ಯಜಮಾನರ ಕೆಲಸ ಹೋಯಿತು. ಮನೆಯಲ್ಲಿ ಐದು ಜನ: ಅತ್ತೆ, ನಾವಿಬ್ಬರು, ಇಬ್ಬರು ಮಕ್ಕಳು. ಬಾಡಿಗೆ ಕಡಿಮೆ ಮಾಡೋಕೆ ಆಗಲ್ಲ, ಸ್ಕೂಲ್ ಫೀಸು ಕಡಿಮೆ ಮಾಡೋಕೆ ಆಗಲ್ಲ. ಕೈ ಹಾಕೋಕೆ ಆಗೋದು ಅಡುಗೆಮನೆಗೆ ಮಾತ್ರ, ಅಲ್ವಾ? ಒಂದು ರಾತ್ರಿ ಎರಡು ತಿಂಗಳ ದಿನಸಿ ಬಿಲ್ಲುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತೆ. ರಾಗಿ ಹಿಟ್ಟಿನ ಪ್ಯಾಕೆಟ್, ಗೋಧಿ ಹಿಟ್ಟಿನ ಪ್ಯಾಕೆಟ್, ಅಕ್ಕಿ ಹಿಟ್ಟು, ಸಾರಿನ ಪುಡಿ, ಹುಳಿ ಪುಡಿ, ಖಾರದ ಪುಡಿ, ಮಗುವಿಗೆ ರಾಗಿ ಮಾಲ್ಟಿನ ಡಬ್ಬ. ಬಿಲ್ಲಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಪುಡಿ ಮಾಡಿದ ಪದಾರ್ಥವೇ ಇತ್ತು. ಅತ್ತೆ ಪಕ್ಕದಲ್ಲಿ ಕೂತು ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಇದನ್ನೆಲ್ಲ ಮಿಷನ್ನಿಗೆ ಹಾಕಿಸಿದ್ರೆ ಆಗಲ್ವೇನಮ್ಮ?"

ಮಾರನೇ ದಿನವೇ ಹೋದೆ.

ಒಳಗೆ ಎರಡು ಕಲ್ಲಿನ ಮಿಷನ್ನು, ಒಂದು ಖಾರದ ಪುಡಿ ಮಿಷನ್ನು. ಮಿಲ್ಲಿನ ಅಣ್ಣ ತಲೆಗೆ ಟವೆಲ್ ಕಟ್ಟಿಕೊಂಡು, ಹುಬ್ಬಿನ ಮೇಲೆಲ್ಲ ಹಿಟ್ಟು ಕೂತು ಬೆಳ್ಳಗಾಗಿರುತ್ತಾರೆ. ಮೇಲೆ ರಾಗಿ ಸುರಿಯುತ್ತಾರೆ, ಕೆಳಗೆ ಬಟ್ಟೆಯ ಉದ್ದ ತೋಳಿನಿಂದ ಹಿಟ್ಟು ಡಬ್ಬಕ್ಕೆ ಇಳಿಯುತ್ತದೆ. ನಾನು ಅವರನ್ನು ಮೆಚ್ಚಿಕೊಂಡಿದ್ದು ಒಂದು ಕಾರಣಕ್ಕೆ. ಹಿಟ್ಟು ಬೀಳೋಕೆ ಶುರುವಾದ ತಕ್ಷಣ ಅವರು ತೋಳಿನ ಬಾಯಿಗೆ ಕೈ ಒಡ್ಡಿ, ಒಂದು ಚಿಟಿಕೆ ತೆಗೆದು, ಹೆಬ್ಬೆರಳು ತೋರುಬೆರಳಿನ ಮಧ್ಯೆ ಉಜ್ಜಿ ನೋಡುತ್ತಾರೆ. ಸರಿ ಇಲ್ಲ ಅಂದರೆ ಪಕ್ಕದ ತಿರುಪನ್ನು ಒಂಚೂರು ತಿರುಗಿಸಿ ಮತ್ತೆ ಉಜ್ಜಿ ನೋಡುತ್ತಾರೆ. "ಮುದ್ದೆಗಾ ಅಕ್ಕ, ರೊಟ್ಟಿಗಾ?" ಅಂತ ಕೇಳದೆ ಒಂದು ದಿನವೂ ಬೀಸಿದವರಲ್ಲ. ಮುದ್ದೆಗೆ ಆದರೆ ನುಣ್ಣಗೆ, ರೊಟ್ಟಿಗೆ ಆದರೆ ಒಂಚೂರು ತರಿ ಇದ್ದರೂ ನಡೆಯುತ್ತದೆ. ಪ್ಯಾಕೆಟ್ ಹಿಟ್ಟಿನಲ್ಲಿ ಇದನ್ನು ಯಾರು ಕೇಳುತ್ತಾರೆ?

ಈಗ ಲೆಕ್ಕ. ರೇಷನ್‌ನಲ್ಲಿ ನಮ್ಮ ಕಡೆ ಅಕ್ಕಿ ಜೊತೆ ರಾಗಿಯೂ ಬರುತ್ತದೆ, ಆದರೆ ಒಂದೊಂದು ತಿಂಗಳು ಒಂದೊಂದು ಥರ. ಅದನ್ನೇ ನಂಬಿಕೊಂಡು ಇರೋಕೆ ಆಗಲ್ಲ. ಹಾಗಾಗಿ ಸಂಕ್ರಾಂತಿ ಕಳೆದ ಮೇಲೆ ಅತ್ತೆಯ ತವರಿನಿಂದ ಒಂದು ಚೀಲ ತಂದೆವು, 50 ಕೆಜಿ. 2024-25ಕ್ಕೆ ಸರ್ಕಾರ ರಾಗಿಗೆ ಇಟ್ಟಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ. ನೆಂಟರು ಅಂತ ಚೌಕಾಸಿ ಮಾಡಲಿಲ್ಲ, ಅದೇ ಲೆಕ್ಕ ಹಿಡಿದು ಕೆಜಿಗೆ 43 ಕೊಟ್ಟೆವು. ಬೆಳೆದವರಿಗೆ ಕಡಿಮೆ ಕೊಟ್ಟು ನಾವು ಉಳಿಸಿಕೊಳ್ಳೋದು ಸರಿಯಲ್ಲ ಅಂತ ನಮ್ಮಿಬ್ಬರಿಗೂ ಅನ್ನಿಸಿತು. ಬೀಸುವ ಕೂಲಿ 6 ಸೇರಿ 49. ಕಲ್ಲು, ಮಣ್ಣು, ಜೊಳ್ಳು ಅಂತ ಹೋಗುವುದನ್ನೂ ಸೇರಿಸಿ 51 ಅಂತಲೇ ಇಟ್ಟುಕೊಳ್ಳಿ. ನಾನು ತರುತ್ತಿದ್ದ ಪ್ಯಾಕೆಟ್ ಕೆಜಿಗೆ 70. ತಿಂಗಳಿಗೆ 10 ಕೆಜಿ ಬೇಕು ನಮಗೆ. ಅಂದರೆ ರಾಗಿಯಲ್ಲೇ 190 ರೂಪಾಯಿ ಉಳಿಯಿತು, ರೇಷನ್ ರಾಗಿ ಬಂದ ತಿಂಗಳು ಇನ್ನೂ ಜಾಸ್ತಿ. ಕೆಲವರಿಗೆ ಇದು ಏನೂ ಅಲ್ಲ ಅನ್ನಿಸಬಹುದು. ನಮಗೆ ಆಗ ಅದು ಒಂದು ವಾರದ ಸೊಪ್ಪು ತರಕಾರಿ.

ಚೀಲದಲ್ಲಿ ತಂದರೆ ಹುಳ ಬೀಳಲ್ವಾ ಅಂತ ತುಂಬ ಜನ ಕೇಳುತ್ತಾರೆ. ರಾಗಿಯ ದೊಡ್ಡ ಗುಣವೇ ಅದು: ಒಣಗಿದ ಕಾಳಿಗೆ ಸುಲಭಕ್ಕೆ ಹುಳ ಹತ್ತಲ್ಲ. ಹಿಂದಿನವರು ನೆಲದಲ್ಲಿ ಹಗೇವು ತೋಡಿ ವರ್ಷಗಟ್ಟಲೆ ರಾಗಿ ಇಡುತ್ತಿದ್ದದ್ದು, ಬರ ಬಂದಾಗ ಅದನ್ನು ತೆಗೆದು ತಿನ್ನುತ್ತಿದ್ದದ್ದು ಇದೇ ಕಾರಣಕ್ಕೆ. ಆದರೆ ಹಿಟ್ಟಾದ ಮೇಲೆ ಆ ಗುಣ ಹೋಗುತ್ತದೆ. ತಿಂಗಳು ದಾಟಿದರೆ ವಾಸನೆ ಬರುತ್ತದೆ, ಬಾಯಿಗೆ ಕಹಿ ಹತ್ತುತ್ತದೆ. ಅಂಗಡಿಯಲ್ಲಿ ಎಷ್ಟೋ ದಿನ ಕೂತ ಪ್ಯಾಕೆಟ್ಟಿನ ಮುದ್ದೆ ಒಂಥರಾ ಕಹಿ ಕಹಿ ಅನ್ನಿಸುತ್ತಿದ್ದದ್ದು ಯಾಕೆ ಅಂತ ನನಗೆ ಆಮೇಲೆ ಗೊತ್ತಾಯಿತು. ಅದಕ್ಕೆ ಕಾಳನ್ನು ಚೀಲದಲ್ಲೇ ಇಟ್ಟು, ಹದಿನೈದು ದಿನಕ್ಕೆ 5 ಕೆಜಿ ಮಾತ್ರ ಬೀಸಿಸುತ್ತೇನೆ.

ಕೆಲಸ ಇಲ್ಲದೆ ಇದೆಲ್ಲ ಆಗಲ್ಲ, ಅದನ್ನೂ ಹೇಳಿಬಿಡುತ್ತೇನೆ. ರೇಷನ್ ರಾಗಿಯಲ್ಲಿ ಮಣ್ಣು ಜಾಸ್ತಿ. ಮೊರದಲ್ಲಿ ಕೇರಬೇಕು, ಎರಡು ಮೂರು ನೀರಿನಲ್ಲಿ ತೊಳೆದು ಗಾಳಿಸಬೇಕು. ಗಾಳಿಸುವಾಗ ಕೊನೆಯಲ್ಲಿ ಪಾತ್ರೆಯ ತಳದಲ್ಲಿ ಉಳಿಯುವ ಕಲ್ಲು ನೋಡಿದರೆ ನೀವೇ ಇನ್ನು ಮುಂದೆ ತೊಳೆಯದೆ ಬೀಸಿಸಲ್ಲ. ಆಮೇಲೆ ಮಹಡಿ ಮೇಲೆ ಹಳೇ ಪಂಚೆ ಹಾಸಿ ಒಣಗಿಸಬೇಕು. ಬಿಸಿಲಿದ್ದರೆ ಒಂದು ದಿನ, ಮೋಡ ಇದ್ದರೆ ಎರಡು ದಿನ. ಸರಿಯಾಗಿ ಒಣಗಿದೆಯಾ ಅಂತ ನೋಡೋಕೆ ಅತ್ತೆ ನಾಲ್ಕು ಕಾಳು ಹಲ್ಲಿನ ಮಧ್ಯೆ ಇಟ್ಟು ಕಡಿಯುತ್ತಾರೆ, ಟಕ್ ಅನ್ನಬೇಕು. ಹಸಿ ಇದ್ದರೆ ಮಿಲ್ಲಿನ ಅಣ್ಣ ಮುಟ್ಟಿ ನೋಡಿಯೇ "ಅಕ್ಕ, ನಾಳೆ ತನ್ನಿ" ಅಂತ ವಾಪಸ್ ಕಳಿಸುತ್ತಾರೆ, ಯಾಕಂದರೆ ಹಸಿ ಕಾಳು ಕಲ್ಲಿಗೆ ಮೆತ್ತಿಕೊಳ್ಳುತ್ತದೆ. ಎರಡು ಸಲ ನನ್ನನ್ನು ಹಾಗೆ ಕಳಿಸಿದ್ದಾರೆ. ಕೂಲಿ ಬಿಟ್ಟು ಕಳಿಸುವವರ ಮಾತು ನಂಬಬಹುದು.

ಇನ್ನೊಂದು ಮಾತು, ಹೊಸದಾಗಿ ಹೋಗುವವರಿಗೆ. ಹಿಟ್ಟು ಬಿಸಿಯಾಗಿ ಬರುತ್ತದೆ. ಮನೆಗೆ ಬಂದ ಕೂಡಲೇ ಅಗಲವಾದ ತಟ್ಟೆಗೆ ಹರಡಿ ಆರಿಸಿ. ಬಿಸಿ ಇರುವಾಗಲೇ ಡಬ್ಬ ಮುಚ್ಚಿದರೆ ಒಳಗೆ ಬೆವರುತ್ತದೆ, ಹಿಟ್ಟು ಮುಗ್ಗುತ್ತದೆ.

ಮುದ್ದೆಯಲ್ಲಿ ವ್ಯತ್ಯಾಸ ಮೊದಲನೇ ದಿನವೇ ತಿಳಿಯಿತು. ಎಸರಿಟ್ಟು, ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಬಿಟ್ಟು, ಅದು ಉಕ್ಕಿ ಬಂದ ಮೇಲೆ ಉಳಿದ ಹಿಟ್ಟನ್ನು ಮಧ್ಯಕ್ಕೆ ಗುಡ್ಡೆ ಸುರಿದೆ. ಕಲಕದೆ ಸಣ್ಣ ಉರಿಯಲ್ಲಿ ಬೇಯೋಕೆ ಬಿಟ್ಟೆ. ಹಿಟ್ಟಿನ ಗುಡ್ಡೆಯನ್ನು ಸೀಳಿಕೊಂಡು ಎಸರು ಬುಳುಬುಳು ಮೇಲೆ ಬಂದಾಗ ಅಡುಗೆಮನೆ ತುಂಬ ಒಂದು ಘಮ ಎದ್ದಿತು, ಅದು ನಾನು ಚಿಕ್ಕವಳಿದ್ದಾಗ ಅಜ್ಜಿ ಮನೆಯಲ್ಲಿ ಬರುತ್ತಿದ್ದ ಘಮ. ಕೋಲು ಹಾಕಿ ತೊಳಸಿದರೆ ಒಂದು ಗಂಟಿಲ್ಲ. ತಟ್ಟೆಗೆ ಹಾಕಿದ ಮುದ್ದೆಯ ಮೇಲೆ ಬೆರಳಿಟ್ಟರೆ ಅಂಟಲಿಲ್ಲ. ದೊಡ್ಡ ಮಗ ಮುದ್ದೆ ಅಂದರೆ ಮುಖ ತಿರುಗಿಸುತ್ತಿದ್ದವನು ಆವತ್ತು ಹುರುಳಿ ಕಾಳಿನ ಬಸ್ಸಾರಿಗೆ ಅದ್ದಿಕೊಂಡು ಒಂದೂವರೆ ಮುದ್ದೆ ತಿಂದ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ಹಾಲು ದಿನಕ್ಕೆ ಅರ್ಧ ಲೀಟರ್‌ಗೆ ಇಳಿಸಿದ್ದ ಆ ತಿಂಗಳುಗಳಲ್ಲಿ ಈ ಒಂದು ವಿಷಯ ನನಗೆ ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳೋಕಾಗಲ್ಲ.

ರೇಷನ್ ಅಕ್ಕಿಯ ವಿಷಯವೂ ಹೇಳಬೇಕು. ಅನ್ನ ಮಾಡಿದರೆ ಮಕ್ಕಳು ತಿನ್ನಲ್ಲ ಅಂತ ಬಹಳ ಮನೆಗಳಲ್ಲಿ ಅದನ್ನು ಬಂದ ಬೆಲೆಗೆ ಮಾರಿಬಿಡುತ್ತಾರೆ. ದಯವಿಟ್ಟು ಮಾರಬೇಡಿ. ತೊಳೆದು ನೆರಳಲ್ಲಿ ಒಣಗಿಸಿ ನುಣ್ಣಗೆ ಹಾಕಿಸಿದರೆ ಅಕ್ಕಿ ರೊಟ್ಟಿಗೆ, ನಿಪ್ಪಟ್ಟಿಗೆ ಒಳ್ಳೆ ಹಿಟ್ಟು. ಒಣಗಿದ ಅಕ್ಕಿಯನ್ನೇ "ತರಿ ತರಿ ಹಾಕಿ ಅಣ್ಣ" ಅಂದರೆ ಉಪ್ಪಿಟ್ಟಿಗೆ ಆಗುವ ಹಾಗೆ ಒಡೆದು ಕೊಡುತ್ತಾರೆ. ಒಗ್ಗರಣೆಗೆ ಸ್ವಲ್ಪ ಕಡಲೆಬೇಳೆ, ಇಂಗು, ಕರಿಬೇವು, ನೀರು ಒಂದಕ್ಕೆ ಎರಡೂವರೆ. ಮೇಲೆ ಕಾಯಿತುರಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅಂಗಡಿ ರವೆಯ ಉಪ್ಪಿಟ್ಟು ಬೇಡ ಅನ್ನುವ ನಮ್ಮ ಯಜಮಾನರು ಇದನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ.

ಸಾರಿನ ಪುಡಿಯಲ್ಲಿ ಉಳಿದದ್ದು ನನಗೇ ಆಶ್ಚರ್ಯ. ಒಂದು ಕೆಜಿ ಧನಿಯಾ 140, ಅರ್ಧ ಕೆಜಿ ಬ್ಯಾಡಗಿ ಮೆಣಸಿನಕಾಯಿ 150, ಜೀರಿಗೆ, ಮೆಣಸು, ಮೆಂತ್ಯ, ಸಾಸಿವೆ ಎಲ್ಲ ಸೇರಿ 100, ಬೀಸಿದ್ದಕ್ಕೆ 40. ಒಟ್ಟು 430 ರೂಪಾಯಿಗೆ ಒಂದೂವರೆ ಕೆಜಿ ದಾಟಿ ಪುಡಿ ಬಂತು. ಅಷ್ಟೇ ಪುಡಿಯನ್ನು 100 ಗ್ರಾಂಗೆ 45ರ ಪ್ಯಾಕೆಟ್ಟಿನಲ್ಲಿ ತಂದಿದ್ದರೆ 675. ನಾಲ್ಕು ತಿಂಗಳು ಬಂತು. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಕಡಿಮೆ, ನಿಮಗೆ ಖಾರ ಬೇಕಿದ್ದರೆ ಗುಂಟೂರು ಒಂದು ಹಿಡಿ ಸೇರಿಸಿಕೊಳ್ಳಿ. ಮಸಾಲೆಯನ್ನು ಹದವಾಗಿ ಹುರಿದು, ಪೂರ್ತಿ ಆರಿಸಿಯೇ ತಗೊಂಡು ಹೋಗಿ. ಮತ್ತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಮಿಷನ್ನಿನ ಹತ್ತಿರ ಎರಡು ನಿಮಿಷ ನಿಲ್ಲೋದೇ ಕಷ್ಟ. ಮಿಲ್ಲಿನ ಅಣ್ಣನ ಹೆಂಡತಿ ದಿನವಿಡೀ ಅಲ್ಲೇ ಇರುತ್ತಾರೆ, ಅವರ ಕೆಮ್ಮು ಕೇಳಿ ಬೇಜಾರಾಗುತ್ತದೆ. ಒಂದು ಫ್ಯಾನು ಹೊರಗೆಳೆಯುವ ಥರದ್ದು ಹಾಕಿಸಿ ಅಂತ ನಾನು ಎರಡು ಮೂರು ಸಲ ಹೇಳಿದ್ದೇನೆ.

ತಪ್ಪುಗಳಿಲ್ಲ ಅಂತಲ್ಲ. ಕರೆಂಟ್ ಹೋದರೆ ಎಲ್ಲ ನಿಂತು ಹೋಗುತ್ತದೆ, ಡಬ್ಬ ಇಟ್ಟು ಬರಬೇಕು. ಹಬ್ಬದ ಹಿಂದಿನ ವಾರ, ಅದರಲ್ಲೂ ಗೋಕುಲಾಷ್ಟಮಿ ಹತ್ತಿರ ಚಕ್ಕುಲಿ ಹಿಟ್ಟಿನವರ ಸಾಲೇ ಸಾಲು. 5 ಕೆಜಿ ಕೊಟ್ಟರೆ ನೂರು ನೂರೈವತ್ತು ಗ್ರಾಂ ಕಡಿಮೆ ಬರುತ್ತದೆ, ಅದು ಕಲ್ಲಿನ ಸಂದಿಯಲ್ಲಿ, ಬಟ್ಟೆಯಲ್ಲಿ ಉಳಿಯೋದು, ಕದ್ದದ್ದಲ್ಲ. ನಮಗಿಂತ ಮುಂಚೆ ಯಾರದ್ದೋ ಕಡಲೆಬೇಳೆ ಹಾಕಿದ್ದರೆ ನಮ್ಮ ಮೊದಲ ಬೊಗಸೆ ಹಿಟ್ಟಿಗೆ ಅದು ಬೆರೆಯುತ್ತದೆ. ಅದಕ್ಕೆ ನಾನು ರಾಗಿ ಹಾಕುವ ಹೊತ್ತು ಕೇಳಿಕೊಂಡು ಹೋಗುತ್ತೇನೆ, ಬೆಳಿಗ್ಗೆ ಹತ್ತರ ಒಳಗೆ ಒಂದು ಮಿಷನ್ನಿನಲ್ಲಿ ಬರೀ ರಾಗಿ.

ಒಂದು ಸಲ ಮಾತ್ರ ನಿಜವಾಗಿ ಬೇಸರ ಆಯಿತು. ಸವೆದ ಬೀಸುವ ಕಲ್ಲು ಮತ್ತೆ ಒರಟಾಗಲಿ ಅಂತ ಹೊಸದಾಗಿ ಉಳಿ ಹೊಡೆಸಿದ್ದ ದಿನ, ಗೊತ್ತಿಲ್ಲದೆ ನಮ್ಮದೇ ಮೊದಲು ಹಾಕಿಬಿಟ್ಟರು. ರಾತ್ರಿ ಮುದ್ದೆ ಬಾಯಿಗಿಟ್ಟರೆ ಕರಕರ. ತಿಂಗಳ ಕೊನೆ, ಮನೆಯಲ್ಲಿ ಬೇರೆ ಹಿಟ್ಟಿಲ್ಲ, ಕಣ್ಣಲ್ಲಿ ನೀರು ಬಂತು. ಬೆಳಿಗ್ಗೆ ಡಬ್ಬ ತಗೊಂಡು ಹೋದೆ. ಅಣ್ಣ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿದರು. ಮಾತಾಡಲಿಲ್ಲ. ಒಳಗೆ ಹೋಗಿ ಅವರ ಮನೆಗೆ ಅಂತ ಬೀಸಿಟ್ಟಿದ್ದ ಹಿಟ್ಟನ್ನು 5 ಕೆಜಿ ತೂಗಿ ನನ್ನ ಡಬ್ಬಕ್ಕೆ ಸುರಿದರು. "ತಪ್ಪು ನಂದು ಅಕ್ಕ, ಮೊದ್ಲು ನುಚ್ಚಕ್ಕಿ ಓಡಿಸಿ ಕಲ್ಲಿನ ಪುಡಿ ತೆಗೆದು ಆಮೇಲೆ ಹಾಕ್ಬೇಕಿತ್ತು" ಅಂದರು. ದುಡ್ಡು ಮುಟ್ಟಲಿಲ್ಲ.

ಯಜಮಾನರಿಗೆ ಆಗಸ್ಟ್‌ನಲ್ಲಿ ಮತ್ತೆ ಕೆಲಸ ಸಿಕ್ಕಿತು, ಸಂಬಳ ಮೊದಲಿನಷ್ಟಿಲ್ಲ. ಪ್ಯಾಕೆಟ್ ಹಿಟ್ಟು ಮನೆಗೆ ಮತ್ತೆ ಬಂದಿಲ್ಲ. ಮಾಲ್ಟಿನ ಡಬ್ಬವೂ ನಿಂತಿದೆ: ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ ಬರುವಷ್ಟು ಹುರಿದು, ನುಣ್ಣಗೆ ಹಾಕಿಸಿದರೆ ಅದೇ ಮಾಲ್ಟು. ಏಲಕ್ಕಿ ಎರಡು ಸೇರಿಸಿದರೆ ಆಯಿತು. ಈಗ ನಾನಿದನ್ನು ಬರೆಯುವಾಗ 2 ಕೆಜಿ ಮೊಳಕೆ ರಾಗಿ ಪಡಸಾಲೆಯಲ್ಲಿ ಪಂಚೆ ಮೇಲೆ ಹರಡಿಕೊಂಡಿದೆ. ತಂಗಿಯ ಮಗುವಿಗೆ ಆರು ತಿಂಗಳು ತುಂಬಿತು, ಅದಕ್ಕೆ ರಾಗಿ ಸರಿ, ಅಂದರೆ ಮಗುವಿನ ಗಂಜಿ, ಮಾಡೋಕೆ. ನಾಳೆ ಮಂಗಳವಾರ, ಮಿಲ್ಲು ರಜ. ಬುಧವಾರ ಹತ್ತು ಗಂಟೆ ಒಳಗೆ ಹೋಗಬೇಕು.